ಗಾಜಿನ ಗಟ್ಟಿಯೊಳಗೆ ಬಲ್ಬ್ ಹೋಗಿದ್ದು ಹೇಗೆ?

ಪ್ರಶ್ನೆ: ಐಸ್ ಗಡ್ಡೆಯೊಳಗೆ ಬಲ್ಬ್ ಸಿಕ್ಕಿಕೊಂಡ ಹಾಗೆ ಕಾಣುವ ಒಂದು ದೀಪದ ಫೋಟೋ ನೋಡಿದೆ. ಬಲ್ಬನ್ನು ಒಳಗೆ ಹೇಗೆ ಹಾಕಿದ್ರು? ಅದು ಸುಟ್ಟುಹೋದ್ರೆ ಇಡೀ ದೀಪ ಎಸೀಬೇಕಾ?

ಎಸೆಯಬೇಕಾಗಿಲ್ಲ. ಮೇಲಿನ ಗಾಜನ್ನು ಎತ್ತಿ, ಹೊಸ ಬಲ್ಬ್ ಹಾಕಿ, ಮತ್ತೆ ಮುಚ್ಚಿದರೆ ಆಯ್ತು.

ನೀವು ನೋಡಿದ್ದು ಬ್ಲಾಕ್ ಲ್ಯಾಂಪ್. ಫಿನ್ಲೆಂಡಿನ ವಿನ್ಯಾಸಕಾರ ಹರ್ರಿ ಕೊಸ್ಕಿನೆನ್ 1996ರಲ್ಲಿ ಮಾಡಿದ್ದು. ಒಂದೇ ಗಟ್ಟಿಯ ಹಾಗೆ ಕಾಣುತ್ತದೆ ನಿಜ, ಆದರೆ ಅಲ್ಲಿರುವುದು ಅಚ್ಚಿನಲ್ಲಿ ಎರಕ ಹೊಯ್ದ ಎರಡು ದಪ್ಪ ಗಾಜಿನ ತುಂಡುಗಳು, ಒಂದರ ಮೇಲೊಂದು ಸುಮ್ನೆ ಕೂತಿರುತ್ತವೆ. ಇನ್ನೊಂದು ವಿಷಯ ಹೇಳಿದರೆ ನಿಮಗೆ ಆಶ್ಚರ್ಯವಾಗಬಹುದು: ಫೋಟೋದಲ್ಲಿ ಕಾಣುವ ಆ ದುಂಡನೆಯ ಬಲ್ಬ್ ಬಲ್ಬೇ ಅಲ್ಲ. ಅದೊಂದು ಖಾಲಿ ಜಾಗ. ಎರಡೂ ತುಂಡುಗಳ ಒಳಮೈಯಲ್ಲಿ ಅರ್ಧರ್ಧ ಬಲ್ಬಿನ ಆಕಾರದ ಗುಳಿ ಇದೆ. ಆ ಗುಳಿಯ ಗೋಡೆಗೆ ಜೋರಾಗಿ ಮರಳು ಹೊಡೆಸಿ ಮಬ್ಬು ಮಾಡಿದ್ದಾರೆ. ನಿಜವಾದ ಪುಟ್ಟ ಬಲ್ಬ್ ಅದರೊಳಗೆ ಮಲಗಿರುತ್ತದೆ.

ದೀಪ ಹಾಕಿದಾಗ ತಿಳಿಗಾಜಿನ ಮೂಲಕ ಬೆಳಕು ಹಾದುಹೋಗಿಬಿಡುತ್ತದೆ, ಅಲ್ಲಿ ಏನೂ ಹೊಳೆಯುವುದಿಲ್ಲ. ಮಬ್ಬು ಗೋಡೆ ಮಾತ್ರ ಬೆಳಕನ್ನು ಹಿಡಿದು ಎಲ್ಲ ಕಡೆಗೂ ಚೆಲ್ಲುತ್ತದೆ. ಹಾಗಾಗಿ ಬಲ್ಬಿನ ಆಕಾರವೇ ಗಾಜಿನ ನಡುವೆ ತೇಲುತ್ತಾ ಹೊಳೆಯುವ ಹಾಗೆ ಕಾಣುತ್ತದೆ. ಎಷ್ಟು ಸರಳ, ಅಲ್ವಾ?

ನಿಜವಾದ ಬಲ್ಬನ್ನೇ ಗಾಜಿನಲ್ಲಿ ಮುಳುಗಿಸಬಹುದಿತ್ತಲ್ಲ ಅಂತ ಕೆಲವರು ಕೇಳುತ್ತಾರೆ. ಆಗಲ್ಲ. ಎರಕದ ಗಾಜು ಸಾವಿರ ಡಿಗ್ರಿಯ ಆಸುಪಾಸಿನ ಬಿಸಿಯಲ್ಲಿ ಕರಗಿರುವಂಥದ್ದು, ಅದರಲ್ಲಿ ಬಲ್ಬ್ ಉಳಿಯುವ ಮಾತೇ ಇಲ್ಲ. ಜೊತೆಗೆ ದಪ್ಪ ಗಾಜನ್ನು ತುಂಬಾ ನಿಧಾನವಾಗಿ ತಣಿಸಬೇಕು, ಇಲ್ಲದಿದ್ದರೆ ಹೊರಗೆ ಮೊದಲು ಗಟ್ಟಿಯಾಗಿ ಒಳಗಿನದು ಆಮೇಲೆ ಕುಗ್ಗಿ ಬಿರುಕು ಬಿಡುತ್ತದೆ. ಈ ದೀಪ ಹುಟ್ಟಿದ್ದೂ ಫಿನ್ಲೆಂಡಿನ ರಾಜಧಾನಿ ಹೆಲ್ಸಿಂಕಿಯ ಕಲೆ ಮತ್ತು ವಿನ್ಯಾಸ ವಿಶ್ವವಿದ್ಯಾಲಯದಲ್ಲಿ, ಗಾಜಿನ ಎರಕ ಕಲಿಯುವಾಗ ಮಾಡಿದ ಒಂದು ಅಭ್ಯಾಸದಿಂದ. ಆಮೇಲೆ ಸ್ವೀಡನ್ನಿನ ಡಿಸೈನ್ ಹೌಸ್ ಸ್ಟಾಕ್‌ಹೋಮ್ ಕಂಪನಿ ಅದನ್ನು ತಯಾರಿಸಲು ತೊಡಗಿತು, ನ್ಯೂಯಾರ್ಕಿನ ಮಾಡರ್ನ್ ಆರ್ಟ್ ಮ್ಯೂಸಿಯಂ ತನ್ನ ಸಂಗ್ರಹಕ್ಕೆ ಸೇರಿಸಿಕೊಂಡಿತು.

ನನಗೆ ಜಾಸ್ತಿ ಇಷ್ಟವಾಗುವುದು ಆ ವೈರ್. ಗಟ್ಟಿಯ ತುದಿಯಿಂದ ನೇರವಾಗಿ ಹೊರಬರುತ್ತದೆ. ಅದನ್ನು ಬಚ್ಚಿಡುವ ಪ್ರಯತ್ನವೇ ಇಲ್ಲ. ಸ್ಟ್ಯಾಂಡ್ ಇಲ್ಲ, ಮೇಲೆ ಟೋಪಿ ಇಲ್ಲ. ದೀಪಕ್ಕೆ ಬೇಕಾದ್ದು ಬಲ್ಬ್, ವೈರ್, ಗಾಜು. ಅಷ್ಟನ್ನೇ ಇಟ್ಟಿದ್ದಾರೆ. ಕೊಸ್ಕಿನೆನ್ ಕೆಲಸ ಮಾಡುವ ರೀತಿ ಇದು ಅಂತ ನಾನು ಅಂದುಕೊಂಡಿದ್ದೇನೆ: ಯಾವ ವಸ್ತುವಿನಿಂದ ಮಾಡುತ್ತೇವೋ ಅದರ ಗುಣ ಏನು, ಅದನ್ನು ತಯಾರಿಸುವವರ ಕೈಯಲ್ಲಿ ಏನಾಗುತ್ತದೆ ಅನ್ನುವುದರಿಂದಲೇ ಆಕಾರ ಹುಟ್ಟಬೇಕು. ಅವರು ತಮ್ಮ ಸ್ಟುಡಿಯೋಗೆ ಇಟ್ಟ ಹೆಸರೇ ಫ್ರೆಂಡ್ಸ್ ಆಫ್ ಇಂಡಸ್ಟ್ರಿ, ಅಂದರೆ ಕಾರ್ಖಾನೆಗಳ ಗೆಳೆಯರು. ಇಟಲಿಯ ಮೊಂಟಿನಾ ಕಂಪನಿಗೆ ಅವರು ಮಾಡಿದ ‘ಮೂ’ ಎಂಬ ಕುರ್ಚಿಗೆ 2004ರಲ್ಲಿ ಆ ದೇಶದ ದೊಡ್ಡ ವಿನ್ಯಾಸ ಪ್ರಶಸ್ತಿ ಕೊಂಪಾಸೊ ದೋರೊ ಬಂತು. ಫಿನ್ನಿಶ್ ಭಾಷೆಯಲ್ಲಿ ಮೂ ಅಂದರೆ ‘ಬೇರೆಯದು’ ಅಂತ ಅರ್ಥ. ಇತ್ತಾಲಾ ಗಾಜಿನ ಕಂಪನಿಗೆ ಮೇಣದಬತ್ತಿ ಇಡುವ ಲಾಟೀನು ಕೂಡ ಮಾಡಿದ್ದಾರೆ.

ಡಿಸೆಂಬರ್ ಕೊನೆಯ ಹೊತ್ತಿಗೆ ಹೆಲ್ಸಿಂಕಿಯಲ್ಲಿ ಹಗಲು ಆರು ಗಂಟೆಯೂ ಇರುವುದಿಲ್ಲ. ಅಂಥ ಕಡೆ ದೀಪ ಅಂದರೆ ಓದಲು ಬೇಕಾದ ಬೆಳಕು ಮಾತ್ರ ಆಗಿರಲ್ಲ, ಮನೆಯಲ್ಲಿ ಜೊತೆಗಿರುವ ಒಂದು ಜೀವದ ಹಾಗೆ. ಬ್ಲಾಕ್ ಲ್ಯಾಂಪ್ ಕೂಡ ಓದುವುದಕ್ಕೆ ಸಾಲದು, ಕತ್ತಲ ಮೂಲೆಯಲ್ಲೋ ಕಿಟಕಿಯ ಪಕ್ಕದಲ್ಲೋ ಇಟ್ಟು ನೋಡುವುದಕ್ಕೆ ಚೆನ್ನ.

ಬಲ್ಬ್ ಬದಲಾಯಿಸುವಾಗ ಎರಡು ಮಾತು ನೆನಪಿಡಿ. ಮೊದಲು ಪ್ಲಗ್ ತೆಗೆದು ಗಾಜು ತಣಿಯಲು ಬಿಡಿ, ಮೇಲಿನ ತುಂಡು ಭಾರ ಇರುತ್ತದೆ, ಎರಡೂ ಕೈಯಲ್ಲಿ ಎತ್ತಿ. ಹಳೇ ತಂತಿ ಬಲ್ಬ್ ಹಾಕುವುದಾದರೆ 25 ವ್ಯಾಟ್ ಮೀರಬೇಡಿ, ಯಾಕೆಂದರೆ ಆ ಗುಳಿಯಿಂದ ಬಿಸಿ ಹೊರಗೆ ಹೋಗಲು ಸುಲಭದ ದಾರಿ ಇಲ್ಲ.