ಗುಳ್ಳೆ ಬಂತು ಅಂತ ಹೀಟ್ ಏರಿಸಬೇಡಿ

ಪ್ರಶ್ನೆ: ರೋಲ್ ಲ್ಯಾಮಿನೇಶನ್ ಮಷೀನಿನಲ್ಲಿ ಹಾಕಿದ ಶೀಟಿಗೆಲ್ಲ ಗುಳ್ಳೆ ಬರುತ್ತಿದೆ. 110ರಲ್ಲಿದ್ದ ಹೀಟನ್ನು 140ಕ್ಕೆ ಇಟ್ಟರೂ ಹೋಗುತ್ತಿಲ್ಲ. ಇನ್ನೆಷ್ಟು ಏರಿಸಬೇಕು?

ಏರಿಸಬೇಡಿ, ಇಳಿಸಿ. ಮಳೆಗಾಲ ಶುರುವಾದರೆ ಸಾಕು, ಈ ಪ್ರಶ್ನೆ ಬಂದೇ ಬರುತ್ತದೆ. ನಾನೂ ಪ್ರತಿ ವರ್ಷ ಇದನ್ನೇ ಹೇಳುತ್ತೇನೆ, ಮುಂದಿನ ವರ್ಷ ಮತ್ತೆ ಯಾರೋ 140ಕ್ಕೆ ಇಟ್ಟುಕೊಂಡು ಬರುತ್ತಾರೆ.

‘ಗುಳ್ಳೆ ಅಂದರೆ ಹೀಟ್ ಸಾಲದು’ ಅನ್ನೋ ಮಾತನ್ನು ಯಾರು ಹಬ್ಬಿಸಿದರೋ ಗೊತ್ತಿಲ್ಲ. ಫಿಲ್ಮಿನಲ್ಲಿ ಇರುವುದು ಎರಡು ಪದರ: ಮೇಲೆ ಪ್ಲಾಸ್ಟಿಕ್, ಕೆಳಗೆ ಒಣಗಿದ ಅಂಟು. ಹೀಟಿನ ಕೆಲಸ ಆ ಅಂಟನ್ನು ಕರಗಿಸುವುದು, ಅಷ್ಟೇ. ಅದನ್ನು ಕಾಗದಕ್ಕೆ ಒತ್ತುವುದು ರೋಲರಿನ ಪ್ರೆಷರ್. ತೆಳು ಬಿಒಪಿಪಿ (ಎಳೆದು ತೆಳುವಾಗಿಸಿದ ಪಾಲಿಪ್ರೊಪಿಲೀನ್ ಪ್ಲಾಸ್ಟಿಕ್) ಫಿಲ್ಮಿಗೆ ಸಾಮಾನ್ಯವಾಗಿ 100–110 ಡಿಗ್ರಿ ಸಾಕು, ಪಾಲಿಯೆಸ್ಟರ್‌ಗೆ ಸ್ವಲ್ಪ ಜಾಸ್ತಿ ಬೇಕು. ಅದಕ್ಕಿಂತ ಬಹಳ ಮೇಲೆ ಹೋದರೆ ಫಿಲ್ಮೇ ಕುಗ್ಗಿ ಶೀಟ್ ಅಲೆಅಲೆಯಾಗುತ್ತದೆ.

ಇನ್ನು ಗುಳ್ಳೆಯ ವಿಷಯ. ಗೋಡೆಗೆ ಒರಗಿಸಿಟ್ಟ ಕಾಗದದ ಕಟ್ಟು ಮಳೆಗಾಲದಲ್ಲಿ ತೇವ ಕುಡಿದಿರುತ್ತದೆ. ಬಿಸಿ ರೋಲರ್ ತಾಗಿದ ಕೂಡಲೇ ಆ ತೇವ ಆವಿಯಾಗುತ್ತದೆ, ಮೇಲೆ ಫಿಲ್ಮ್ ಮುಚ್ಚಿದೆ, ಎಲ್ಲಿಗೆ ಹೋಗಬೇಕು? ಪೂರಿ ಉಬ್ಬುವುದೂ ಹೀಗೇ ಅಲ್ವಾ. ನೀವು ಹೀಟ್ ಏರಿಸಿದಷ್ಟೂ ಪೂರಿ ಚೆನ್ನಾಗಿ ಉಬ್ಬುತ್ತದೆ! ಇಂಕ್‌ಜೆಟ್ ಪ್ರಿಂಟನ್ನು ಒಣಗಲು ಬಿಡದೆ ಹಾಕಿದರೂ ಇದೇ ಕಥೆ, ಒಂದು ರಾತ್ರಿಯಾದರೂ ಬಿಡಿ.

ನಂಬಿಕೆ ಬರದಿದ್ದರೆ ಹೊಸ ಪ್ಯಾಕ್ ಒಡೆದು, ಪ್ರಿಂಟ್ ಇಲ್ಲದ ಖಾಲಿ ಹಾಳೆಯೊಂದನ್ನು 110ರಲ್ಲೇ ಹಾಕಿ ನೋಡಿ. ಗುಳ್ಳೆ ಬರಲಿಲ್ಲವಾ? ಹಾಗಾದರೆ ಮಷೀನನ್ನು ಬೈಯಬೇಡಿ.

ಹೀಟ್ ನಿಜವಾಗಿ ಸಾಲದಿದ್ದರೆ ಗುಳ್ಳೆಗಿಂತ ಮಂಜು ಕವಿದಂಥ ಬೆಳ್ಳಿ ಬಣ್ಣ ಕಾಣುತ್ತದೆ, ಮೂಲೆಯಲ್ಲಿ ಉಗುರು ಹಾಕಿದರೆ ಫಿಲ್ಮ್ ಎದ್ದು ಬರುತ್ತದೆ. ಆಗಲೂ ಮೊದಲು ಸ್ಪೀಡ್ ಕಡಿಮೆ ಮಾಡಿ. ಅಂಟು ಕರಗಲು ಸಮಯ ಬೇಕು.

ಉಳಿದದ್ದು ಬೇಗ ಹೇಳಿಬಿಡುತ್ತೇನೆ. ಸುಕ್ಕು ಬಂದರೆ ಫಿಲ್ಮ್ ರೋಲ್ ನೇರವಾಗಿ ಕೂತಿದೆಯಾ, ಎರಡೂ ಕಡೆ ಎಳೆತ ಒಂದೇ ಇದೆಯಾ ನೋಡಿ. ಶೀಟ್ ಸುರುಳಿ ಸುತ್ತಿಕೊಂಡರೆ ಎಳೆತ ಸಡಿಲಿಸಿ. ಒಂದೇ ಮುಖಕ್ಕೆ ಹಾಕಿದ್ದರೆ ಸ್ವಲ್ಪ ಸುತ್ತಿಕೊಂಡೇ ತೀರುತ್ತದೆ. ಫಿಲ್ಮಿನ ಅಂಟಿನ ಮುಖ ಕಾಗದದ ಕಡೆ ಇರಬೇಕು, ಬಿಸಿ ರೋಲರಿಗೆ ತಾಗಲೇಬಾರದು.

ಈ ಕೊನೆಯದನ್ನು ನಾನು ದುಡ್ಡು ಕೊಟ್ಟು ಕಲಿತೆ. ಮೊದಲ ಮಷೀನಿನಲ್ಲಿ ಫಿಲ್ಮ್ ಉಲ್ಟಾ ಹಾಕಿ, ರೋಲರಿಗೆ ಸುತ್ತಿಕೊಂಡಿದ್ದನ್ನು ಬ್ಲೇಡಿನಿಂದ ಕೆರೆದೆ. ರಬ್ಬರ್ ಮೇಲೆ ಕೂದಲೆಳೆಯಷ್ಟು ಗೀರು. ಆಮೇಲೆ ಹಾಕಿದ ಉದ್ದನೆಯ ಪೋಸ್ಟರುಗಳ ಮೇಲೆಲ್ಲ ಸರಿಯಾಗಿ 25 ಸೆಂಟಿಮೀಟರಿಗೊಂದು ಗೆರೆ! ಅದರಿಂದ ಒಂದು ಲೆಕ್ಕ ಮಾತ್ರ ಸಿಕ್ಕಿತು: ಕಲೆಯಿಂದ ಕಲೆಗೆ ಇರುವ ದೂರವನ್ನು 3.14ರಿಂದ ಭಾಗಿಸಿದರೆ ಯಾವ ರೋಲರ್ ಹಾಳಾಗಿದೆ ಅಂತ ಅದರ ಅಡ್ಡಳತೆಯೇ ಹೇಳುತ್ತದೆ. ನನ್ನದು 8 ಸೆಂಟಿಮೀಟರಿನ ರೋಲರ್. ಅಂಟನ್ನು ಮಷೀನ್ ಆಫ್ ಮಾಡಿ, ಕೈಗೆ ತಡೆಯುವಷ್ಟು ಬೆಚ್ಚಗಿರುವಾಗ ಒರಟು ಬಟ್ಟೆಯಿಂದ ಉಜ್ಜಿ ತೆಗೆಯಬೇಕಿತ್ತು.

ಯಾರೂ ಕೇಳಿಲ್ಲ, ಆದರೂ ಹೇಳುತ್ತೇನೆ. ಒರಿಜಿನಲ್ ಮಾರ್ಕ್ಸ್ ಕಾರ್ಡ್ ಲ್ಯಾಮಿನೇಟ್ ಮಾಡಬೇಡಿ. ಅಂಟು ಕಾಗದದೊಳಕ್ಕೆ ಇಳಿದಿರುತ್ತದೆ, ಬಿಡಿಸಲು ಹೋದರೆ ಹರಿಯುತ್ತದೆ. ಮುಂದೆ ಹಿಂಬದಿಗೆ ಸೀಲು ಹಾಕಿಸಬೇಕಾದರೆ ಇಂಕ್ ಕೂರುವುದಿಲ್ಲ. ಅಂಗಡಿಗಳಲ್ಲಿ ಕೊಡುವ ನುಣುಪು ಕಾಗದದ ಬಿಲ್ಲನ್ನಂತೂ ಹಾಕಲೇಬೇಡಿ, ಅದರ ಅಕ್ಷರ ಮೂಡುವುದೇ ಬಿಸಿಯಿಂದ. ಒಬ್ಬರು ಫ್ರಿಜ್ಜಿನ ವಾರಂಟಿ ಬಿಲ್ ತಂದು ಹಠ ಹಿಡಿದಿದ್ದರು. ಅದರ ಖಾಲಿ ಅಂಚಿನಿಂದ ಒಂದು ಚೂರು ಕತ್ತರಿಸಿ ಮಷೀನಿಗೆ ಕೊಟ್ಟೆ, ಕಾಡಿಗೆಯಂತೆ ಕಪ್ಪಾಗಿ ಹೊರಗೆ ಬಂತು. ಬಿಲ್ಲನ್ನು ಕೈಯಿಂದ ಕಿತ್ತುಕೊಂಡು, ‘ಎರಡು ಜೆರಾಕ್ಸ್ ಮಾಡಿಕೊಡಿ’ ಅಂದರು.