ಸಮುದ್ರಕ್ಕೆ ಸೇರೋ ನೀರು ವೇಸ್ಟ್ ಅನ್ನೋರಿಗೆ ಸಿಗಡಿ ಲೆಕ್ಕ

ನಮ್ಮ ಚಿತ್ರದುರ್ಗದ ಕಡೆ ನೀರಿನ ಮಾತು ಬಂದ್ರೆ ಯಾರಾದ್ರೂ ಒಬ್ರು ಅಂದೇ ಅಂತಾರೆ, ಘಟ್ಟದ ಆಚೆ ಹೊಳೆಗಳೆಲ್ಲ ಸುಮ್ನೆ ಸಮುದ್ರಕ್ಕೆ ಹೋಗಿ ವೇಸ್ಟ್ ಆಗ್ತವೆ, ಈ ಕಡೆ ತಿರುಗಿಸಿದ್ರೆ ಯಾರ ಗಂಟು ಹೋಗುತ್ತೆ ಅಂತ. ಸಿಟ್ಟು ನ್ಯಾಯವಾದದ್ದೇ ಬಿಡಿ, ನಮ್ಮ ಮಾರಿಕಣಿವೆ ಡ್ಯಾಮು (ವಾಣಿವಿಲಾಸ ಸಾಗರ) 1933ರಲ್ಲಿ ಕೋಡಿ ಬಿದ್ದಿದ್ದು, ಮತ್ತೆ ಕೋಡಿ ನೋಡೋಕೆ 2022ರ ತನಕ ಕಾಯ್ಬೇಕಾಯ್ತು, ಭದ್ರಾ ನೀರು ಈ ಕಡೆ ತರೋ ಮೇಲ್ದಂಡೆ ಯೋಜನೆ ಇನ್ನೂ ನಡೀತಾನೇ ಐತೆ. ಆದ್ರೆ ಗಂಟು ಹೋಗೋರು ಇದಾರೆ, ಸಂತೇಲಿ ನಾವು ಕೊಳ್ಳೋ ಒಣ ಸಿಗಡಿ ಹಿಡಿಯೋರು.

ಸಿಗಡಿ ಸಮುದ್ರದ್ದು ಅಂತ ನಾವು ಅಂದ್ಕೊಂಡಿದೀವಿ, ಅದು ಅರ್ಧ ಸತ್ಯ. ತಾಯಿ ಸಿಗಡಿ ಲಕ್ಷಗಟ್ಟಲೆ ಮೊಟ್ಟೆ ಇಡೋದು ಸಮುದ್ರದಲ್ಲೇ, ಒಂದು ದಿನದೊಳಗೆ ಮರಿ ಆಗ್ತವೆ, ಎರಡು ಮೂರು ವಾರ ಅಲೆ ಮೇಲೆ ತೇಲಾಡಿ ಭರತದ (ಸಮುದ್ರ ಉಕ್ಕಿ ಬರೋ ನೀರಿನ) ಜೊತೆ ಅಳಿವೆ, ಅಂದ್ರೆ ಹೊಳೆ ಸಮುದ್ರ ಸೇರೋ ಜಾಗದ ಒಳಗೆ ಬಂದು ಉಪ್ಪುನೀರಲ್ಲಿ ಬೆಳೆಯೋ ಕಾಂಡ್ಲಾ ಗಿಡದ ಬೇರು, ಕೆಸರು ಹಿಡ್ಕೊಂಡು ಕೆಲವು ತಿಂಗಳು ಬೆಳೀತವೆ, ದೊಡ್ಡವಾದ ಮೇಲೆ ವಾಪಸ್ ಸಮುದ್ರಕ್ಕೆ. ಅಳಿವೆಯಲ್ಲಿ ಹೊಳೆಯ ಸಿಹಿನೀರು ಉಪ್ಪುನೀರಿಗೆ ಹದವಾಗಿ ಬೆರೀಬೇಕು, ಮಳೆಗಾಲಕ್ಕೆ ಒಂದು ಹದ ಬೇಸಿಗೆಗೆ ಇನ್ನೊಂದು.

ಉತ್ತರ ಕನ್ನಡದ ಅಘನಾಶಿನಿ ಹೊಳೆ ಅಳಿವೆಯ ಗಜನಿ ಗದ್ದೆಗಳಲ್ಲಿ (ಉಪ್ಪುನೀರು ಬರೋ ತಗ್ಗು ಗದ್ದೆ) ಈ ಹದವನ್ನೇ ನಂಬಿ ಬೇಸಾಯ ಇತ್ತು. ಮಳೆಗಾಲದಲ್ಲಿ ಉಪ್ಪು ತಡೆಯೋ ಕಗ್ಗ ಭತ್ತ, ಕೊಯ್ಲಾದ ಮೇಲೆ ನಮ್ ಕೆರೆ ತೂಬಿನ ಥರ ಒಂದು ಬಾಗಿಲು ತೆಗೆದು ಭರತದ ನೀರು ಒಳಗೆ ಬಿಡೋದು, ಅದರ ಜೊತೆ ಬಂದ ಸಿಗಡಿ ಮರಿ ಕೊಳೆತ ಕೂಳೆ ಮೇಲೇ ಬೆಳೀತಿತ್ತು. ದುಡ್ಡು ಕೊಟ್ಟು ಫೀಡ್ ಹಾಕೋ ಮಾತೇ ಇಲ್ಲ.

ಇದು ಕೆಟ್ಟಿದ್ದು ಸಿಗಡಿಗೆ ರೇಟ್ ಬಂದಾಗ. 1950ರ ದಶಕದಲ್ಲಿ ಕೇರಳದಲ್ಲಿ ನಾರ್ವೆ ದೇಶದ ನೆರವಿನ ಮೀನುಗಾರಿಕೆ ಯೋಜನೆ (ಇಂಡೋ-ನಾರ್ವೇಜಿಯನ್) ಶುರುವಾಯ್ತು, ಸಿಗಡಿ ಎಕ್ಸ್‌ಪೋರ್ಟ್‌ ಜೋರಾಯ್ತು, ಅದರ ಹಿಂದೆ ಟ್ರಾಲ್ ಬೋಟ್ ನಮ್ಮ ಕರಾವಳಿಗೂ ಬಂತು. ತಳ ಬಾಚೋ ಬಲೆ, ಬೇಕಾದ್ದು ಬೇಡದ್ದು ಎಲ್ಲ ಬರುತ್ತೆ. 1986ರಲ್ಲಿ ರಾಜ್ಯದ ಸಮುದ್ರ ಮೀನುಗಾರಿಕೆ ಕಾಯ್ದೆ ಆಯ್ತು, ಈಗ ಜೂನ್ 1ರಿಂದ ಜುಲೈ 31ರ ತನಕ ಮೆಷಿನ್ ಬೋಟ್ ಬಂದ್. ಆ ಕಾಯ್ದೆ ಬಂದ ಆಸುಪಾಸಲ್ಲೇ ದಡದ ಮೇಲೂ ಸಿಗಡಿ ಕೆರೆಗಳ ಹುಚ್ಚು ಹಿಡೀತು, 1990ರ ದಶಕದಲ್ಲಿ ಸಿಗಡಿಗೆ ಬಿಳಿಚುಕ್ಕೆ ರೋಗ ಬಂದು ಸಾಲ ಮಾಡಿದವರೆಲ್ಲ ನೆಲಕಚ್ಚಿದ್ರು. 1996ರ ಡಿಸೆಂಬರ್‌ನಲ್ಲಿ ಗಾಂಧಿವಾದಿ ಎಸ್. ಜಗನ್ನಾಥನ್ ಹಾಕಿದ್ದ ಕೇಸಲ್ಲಿ ಸುಪ್ರೀಂ ಕೋರ್ಟು, ಕರಾವಳಿ ನಿಯಂತ್ರಣ ವಲಯದೊಳಗೆ ಸಾಂಪ್ರದಾಯಿಕ ಪದ್ಧತಿ ಬಿಟ್ಟು ಬೇರೆ ಸಿಗಡಿ ಕೆರೆ ಬೇಡ ಅಂತು. 2005ರಲ್ಲಿ ಪಾರ್ಲಿಮೆಂಟು ಬೇರೆ ಕಾಯ್ದೆ ತಂದು ಸಿಗಡಿ ಕೆರೆಗಳಿಗೆ ರಿಜಿಸ್ಟ್ರೇಷನ್ ವ್ಯವಸ್ಥೆ ಮಾಡ್ತು.

ನಂಗೆ ಕಾಣೋ ಪ್ರಕಾರ ಇಷ್ಟೂ ವರ್ಷ ಸರ್ಕಾರ ಬೋಟ್ ನೋಡ್ತು, ಕೆರೆ ನೋಡ್ತು, ಹೊಳೆ ನೋಡ್ಲಿಲ್ಲ. ಶರಾವತಿ ನೋಡಿ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆಯ್ತು, ಆಮೇಲೆ ಗೇರುಸೊಪ್ಪೆಯದು. ಕರೆಂಟ್ ತೆಗೆದ ನೀರು ಬೇಸಿಗೇಲೂ ಬಿಡದೆ ಕೆಳಗೆ ಇಳಿಯೋಕೆ ಶುರುವಾದ ಮೇಲೆ ಹೊನ್ನಾವರದಲ್ಲಿರೋ ಶರಾವತಿ ಅಳಿವೆಯಲ್ಲಿ ಉಪ್ಪಿನಂಶ ಇಳೀತು, ತಿನ್ನೋ ಚಿಪ್ಪುಜೀವಿ ಬಳಚು ಕಮ್ಮಿಯಾಯ್ತು, ಅಣೆಕಟ್ಟೇ ಇಲ್ಲದ ಪಕ್ಕದ ಅಘನಾಶಿನಿಯಲ್ಲಿ ಮೀನಿನ ಜಾತಿ ಜಾಸ್ತಿ ಅಂತ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ದಾಖಲೆ ಮಾಡಿದಾರೆ. ನೀರು ಕಡಿಮೆ ಆದ್ರೆ ಮಾತ್ರ ಅಲ್ಲ, ತಪ್ಪು ಹೊತ್ತಲ್ಲಿ ಜಾಸ್ತಿ ಆದ್ರೂ ಹದ ಕೆಡುತ್ತೆ ಅನ್ನೋದು ನಮ್ ಕಡೆಯೋರಿಗೆ ಅರ್ಥ ಆಗೋದು ಕಷ್ಟ, ನೀರು ಜಾಸ್ತಿ ಆಗಿದ್ದನ್ನ ನಾವು ನೋಡಿದ್ರೆ ತಾನೆ!

2024ರ ಜನವರಿಯಲ್ಲಿ ಅಘನಾಶಿನಿ ಅಳಿವೆಗೆ ರಾಮ್ಸರ್ ಪಟ್ಟ (ಜಗತ್ತಿನ ಮುಖ್ಯ ಜೌಗುಪ್ರದೇಶ ಅನ್ನೋ ಮಾನ್ಯತೆ) ಸಿಕ್ತು, ಸುಮಾರು 4,800 ಹೆಕ್ಟೇರ್. ಒಳ್ಳೇದೇ ಆಯ್ತು, ಆದ್ರೆ ಆ ಪಟ್ಟದ ಗಡಿ ಗೆರೆ ಇರೋದು ಕೆಳಗೆ ಅಳಿವೆ ಸುತ್ತ, ಹೊಳೆ ಹುಟ್ಟೋದು ಮೇಲೆ ಶಿರಸಿಯಲ್ಲಿ. ಪಕ್ಕದ ಬೇಡ್ತಿ ಹೊಳೆ ನೀರನ್ನ ಈ ಕಡೆ ಹರಿಯೋ ವರದಾ ನದಿಗೆ ತಿರುಗಿಸೋ ಯೋಜನೆ ಇನ್ನೂ ಕಡತದಲ್ಲಿ ಓಡಾಡ್ತಾನೇ ಐತೆ. ಅದೇ ಬೇಡ್ತಿ ಕೆಳಗೆ ಗಂಗಾವಳಿ ಅನ್ನೋ ಹೆಸರಲ್ಲಿ ಸಮುದ್ರ ಸೇರುತ್ತೆ, ಅಲ್ಲೂ ಒಂದು ಅಳಿವೆ ಐತೆ, ಅಲ್ಲೂ ಸಿಗಡಿ ಮರಿ ಬರ್ತವೆ.