ಡೀಸೆಲ್ ಮುಳ್ಳಿಗೆ ಲೀಟರ್ ಲೆಕ್ಕ ಗೊತ್ತಿಲ್ಲ

ತಲಪಾಡಿ ಗಡಿಯ ಈಚೆಗಿನ ಪಂಪ್‌ಗಳಲ್ಲಿ ಕಾಸರಗೋಡಿನ ಕೆಎಲ್-14 ನಂಬರಿನ ಪಿಕಪ್‌ಗಳು ನಿಂತಿರುವುದನ್ನು ನೀವೂ ನೋಡಿರಬಹುದು. ನಮ್ಮಲ್ಲಿ ಡೀಸೆಲ್ ಕೇರಳಕ್ಕಿಂತ ಅಗ್ಗ. ಮಂಗಳೂರು ಧಕ್ಕೆಯಿಂದ ಮೀನು ಹೇರಿಕೊಂಡು ಆ ಕಡೆ ಹೋಗುವವರಿಗೆ ಇಲ್ಲೇ ಜಾಸ್ತಿ ತುಂಬಿಸಿಕೊಂಡರೆ ನಾಲ್ಕು ಕಾಸು ಉಳಿಯುತ್ತದೆ. ಅದಕ್ಕೇ ದೊಡ್ಡ ಟ್ಯಾಂಕ್ ಕೇಳಿಕೊಂಡು ನನ್ನ ಹತ್ತಿರ ಬರುತ್ತಾರೆ. ಅದರಲ್ಲಿ ತಪ್ಪೇನಿಲ್ಲ. ನನಗೆ ತಲೆಕೆಡುವುದು ಮುಂದಿನ ಮಾತಿಗೆ: "ಹಳೇ ಫ್ಲೋಟ್ ಚೆನ್ನಾಗೇ ಉಂಟಲ್ಲ ಅಣ್ಣ, ಅದನ್ನೇ ಹಾಕಿ."

ಮಾರಾಯ್ರೇ, ಆ ಫ್ಲೋಟ್ ಲೀಟರ್ ಅಳೆಯುವುದಿಲ್ಲ. ಅದು ನೋಡುವುದು ಎತ್ತರ ಮಾತ್ರ. ತಂತಿಯ ತುದಿಯಲ್ಲಿ ಒಂದು ಬುರುಡೆ ತೇಲುತ್ತದೆ, ಡೀಸೆಲ್ ಇಳಿದಂತೆ ಅದೂ ಇಳಿಯುತ್ತದೆ. ತಂತಿ ಎಷ್ಟು ವಾಲಿದೆ ಅನ್ನುವುದಷ್ಟೇ ಮೀಟರಿಗೆ ಹೋಗುವುದು.

ಹಳೇ ಟ್ಯಾಂಕ್ 30 ಸೆಂಟಿಮೀಟರ್ ಆಳ, 60 ಲೀಟರ್ ಅಂತಿಟ್ಟುಕೊಳ್ಳಿ. ಅಷ್ಟೇ ಉದ್ದಗಲದಲ್ಲಿ 45 ಸೆಂಟಿಮೀಟರ್ ಆಳ ಮಾಡಿದರೆ 90 ಲೀಟರ್ ಹಿಡಿಯುತ್ತದೆ. ಫ್ಲೋಟ್ ಕೂರುವುದು ಟ್ಯಾಂಕಿನ ಮೇಲುಗಡೆ. ಹಳೇ ತಂತಿ ಅಲ್ಲಿಂದ 30 ಸೆಂಟಿಮೀಟರ್ ಇಳಿದು ನಿಂತುಬಿಡುತ್ತದೆ. ಕೆಳಗಿನ 15 ಸೆಂಟಿಮೀಟರ್ ಅದಕ್ಕೆ ಕಾಣುವುದೇ ಇಲ್ಲ. ಅಂದರೆ 30 ಲೀಟರ್ ಇರುವಾಗಲೇ ಮುಳ್ಳು ಖಾಲಿ ಅನ್ನುತ್ತದೆ. ಟ್ಯಾಂಕಿನಿಂದ ಡೀಸೆಲ್ ಎಳೆಯುವ ಸಕ್ಷನ್ ಪೈಪ್ ಕೂಡ ಹಳೆಯದೇ ಹಾಕಿದ್ದರೆ ಆ 30 ಲೀಟರ್ ಎಂಜಿನ್‌ಗೂ ಸಿಗುವುದಿಲ್ಲ. ದುಡ್ಡು ಕೊಟ್ಟು ಟ್ಯಾಂಕ್ ದೊಡ್ಡದು ಮಾಡಿ, ಸುಮ್ನೆ ಡೀಸೆಲ್ ಹೊತ್ತು ತಿರುಗಿದ ಹಾಗಾಯಿತು, ಅಲ್ವಾ?

ಕೆಲವರು ತಂತಿಯನ್ನು ಕೆಳಕ್ಕೆ ಬಗ್ಗಿಸುತ್ತಾರೆ. ಆಗ ಖಾಲಿ ಸರಿಯಾಗಿ ತೋರಿಸುತ್ತದೆ. ಆದರೆ ಮೇಲಿನ 30 ಲೀಟರ್ ಖರ್ಚಾಗುವವರೆಗೂ ಮುಳ್ಳು ಫುಲ್ ಬಿಟ್ಟು ಕದಲುವುದಿಲ್ಲ. ಗತಿಯಿಲ್ಲದಿದ್ದರೆ ಇದೇ ವಾಸಿ. ಸರಿಯಾದ ದಾರಿ ಅಂದರೆ ಹೊಸ ಆಳಕ್ಕೆ ತಕ್ಕ ಉದ್ದದ ತಂತಿಯ ಫ್ಲೋಟ್, ಮತ್ತೆ ತಳದ ಹತ್ತಿರಕ್ಕೆ ಮುಟ್ಟುವ ಸಕ್ಷನ್ ಪೈಪ್. ಪೂರ್ತಿ ತಳಕ್ಕೆ ಬೇಡ, ಕೆಸರು ಎಳೆದುಕೊಳ್ಳುತ್ತದೆ.

ಆಳ ಹೆಚ್ಚಿಸದೆ ಉದ್ದ ಮಾಡಿದರೆ ಮುಳ್ಳಿನ ಅಳತೆ ಹೆಚ್ಚುಕಡಿಮೆ ಕೂಡಿಬರುತ್ತದೆ. ಅಲ್ಲಿ ಬೇರೆ ತಾಪತ್ರಯ. ಮೀನು ಹೇರಿದ್ದ ಒಂದು ಗಾಡಿ ಚಾರ್ಮಾಡಿ ಘಾಟಿ ಹತ್ತುವಾಗ ನಿಂತುಬಿಟ್ಟಿತು. ಮಾಲೀಕರು ಫೋನ್ ಮಾಡಿ, ಮುಳ್ಳು ಕಾಲು ಟ್ಯಾಂಕ್ ತೋರಿಸ್ತಾ ಉಂಟು, ಪಂಪಿನವರು ನೀರು ಬೆರೆಸಿದ್ದಾರೆ ಅಂತ ಒಂದೇ ಸಮನೆ ಬೈಯುತ್ತಿದ್ದರು. ಡೀಸೆಲ್ ಚೊಕ್ಕವೇ ಇತ್ತು. ಬೇರೆಲ್ಲೋ ಮಾಡಿಸಿದ ಉದ್ದನೆಯ ಟ್ಯಾಂಕ್. ಒಳಗೆ ಡೀಸೆಲ್ ಹೊಯ್ದಾಡದಂತೆ ತಡೆಯುವ ಅಡ್ಡ ತಗಡುಗಳಿಲ್ಲ, ಸಕ್ಷನ್ ಪೈಪ್ ಮುಂಭಾಗದಲ್ಲಿ. ಏರಿನಲ್ಲಿ ಡೀಸೆಲ್ಲೆಲ್ಲ ಹಿಂದಕ್ಕೆ ಹೋಗಿ ಪೈಪ್ ಗಾಳಿ ಎಳೆದುಕೊಂಡಿದೆ. ಫ್ಲೋಟ್ ನಡುವೆ ಇತ್ತು, ಅಲ್ಲಿನ ಎತ್ತರ ಅದು ಹೇಳಿತು. ಪೈಪಿನ ಬಾಯಿ ಹತ್ತಿರ ಎಷ್ಟಿದೆ ಅಂತ ಅದಕ್ಕೇನು ಗೊತ್ತು? ಐಸ್ ಕರಗಿ ಸುರಿಯುತ್ತಿರುವಾಗ ಪಾಪ ಡ್ರೈವರ್ ಆ ಗಾಳಿ ಹೊರಹಾಕಲು ಫಿಲ್ಟರಿನ ಹ್ಯಾಂಡ್ ಪಂಪ್ ಒತ್ತುತ್ತಾ ಕೂತಿದ್ದ. ಭಾರಿ ಒತ್ತಡದಲ್ಲಿ ಡೀಸೆಲ್ ಚಿಮ್ಮಿಸುವ ಈಗಿನ ಕಾಮನ್ ರೈಲ್ ಗಾಡಿಗಳಲ್ಲಿ ಹೀಗೆ ಪದೇ ಪದೇ ಆದರೆ ಹೈ ಪ್ರೆಶರ್ ಪಂಪೇ ಹೋಗಬಹುದು. ಅದಕ್ಕೆ ಡೀಸೆಲ್ಲೇ ಆಯಿಲ್ ಇದ್ದ ಹಾಗೆ.

ಕಾನೂನಿನ ಮಾತು. ಅನುಮತಿಯಿಲ್ಲದ ಬದಲಾವಣೆಗೆ ಮೋಟಾರು ವಾಹನ ಕಾಯ್ದೆಯ 182ಎ ಪ್ರಕಾರ ಒಂದೊಂದಕ್ಕೂ 5000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಆಗಬಹುದು. ನಿಮ್ಮ ಗಾಡಿಗೆ ಏನು ನಡೆಯುತ್ತದೆ ಅಂತ ನಾನು ಹೇಳಲಾರೆ. ಆರ್‌ಟಿಒದಲ್ಲಿ ಬರಹದಲ್ಲೇ ಕೇಳಿ, ಇನ್ಶೂರೆನ್ಸ್ ಕಂಪನಿಗೂ ತಿಳಿಸಿ. 30 ಲೀಟರ್ ಡೀಸೆಲ್ ಅಂದರೆ 25 ಕಿಲೋ ತೂಕ, ಅದೂ ಲೋಡಿನ ಲೆಕ್ಕಕ್ಕೇ ಬರುತ್ತದೆ.

ಟ್ಯಾಂಕ್ ಕೂರಿಸಿದ ದಿನವೇ ಒಂದು ಕೆಲಸ ಮಾಡಿಸಿ. ಪೂರ್ತಿ ಖಾಲಿ ಟ್ಯಾಂಕಿಗೆ ಹತ್ತತ್ತು ಲೀಟರ್ ಹಾಕುತ್ತಾ, ಪ್ರತಿ ಸಲ ಮುಳ್ಳು ಎಲ್ಲಿ ನಿಂತಿತು ಅಂತ ಬರೆದುಕೊಳ್ಳಿ. ಗಾಡಿ ಸಮತಟ್ಟಾದ ಜಾಗದಲ್ಲಿರಲಿ. ಆ ಚೀಟಿಯನ್ನು ಮೀಟರ್ ಪಕ್ಕ ಅಂಟಿಸಿ. ಸ್ಕ್ರೀನಿನಲ್ಲಿ "ಇನ್ನು ಇಷ್ಟು ಕಿಲೋಮೀಟರ್" ಅಂತ ಬರುವ ಗಾಡಿಯಾದರೂ ಚೀಟಿ ಬೇಕು. ಆ ಲೆಕ್ಕಕ್ಕೂ ಆಧಾರ ಅದೇ ಫ್ಲೋಟ್.